ತಂಬಾಕು ಬಿಡಿಸುವ ಪ್ರಯತ್ನ: ದಂತವೈದ್ಯೆಯೊಂದಿಗೆ ಈ ವಾರದ ಪ್ರಶ್ನೋತ್ತರ

ನಿರ್ವಾಹಕ: ನಮ್ಮ ಹಲವು ಊರುಗಳಲ್ಲಿ ಶಾಲೆಯ ಸುತ್ತ ತಂಬಾಕು ಮಾರಾಟ ನಿಷೇಧದ ಹಳದಿ ಗೆರೆ ಎಳೆದಾಗಿದೆ, ಗೋಡೆಬರಹ ಬರೆಸಿಯಾಗಿದೆ, ಮಕ್ಕಳು ಅಂಗಡಿಯವರ ಕೈಗೆ ಹೂವು ಕೊಟ್ಟು ಬಂದ ಗುಲಾಬಿ ಆಂದೋಲನವೂ ಮುಗಿದಿದೆ. ಬಿಡಬೇಕೆಂದು ಮನಸ್ಸು ಮಾಡಿದವರಿಗೆ ಮುಂದೇನು ಎಂಬ ಪ್ರಶ್ನೆ ಮಾತ್ರ ಉಳಿದಿರುವುದರಿಂದ ಈ ದಿನ ದಂತವೈದ್ಯೆಯವರನ್ನು ಕೇಳಿಕೊಂಡಿದ್ದೇವೆ. ದಯವಿಟ್ಟು ಈ ಗುಂಪಿನಲ್ಲಿ ಫಾರ್ವರ್ಡ್ ಸಂದೇಶಗಳನ್ನು ಹಾಕಬೇಡಿ.

ಅರಸೀಕೆರೆಯ ಶಿಕ್ಷಕ: ನಮ್ಮ ಪ್ರೌಢಶಾಲೆಯ ಗೇಟಿನ ಎದುರಿಗೇ ಬಿಡಿ ಸಿಗರೇಟು ಮಾರುತ್ತಾರೆ. ಕೇಳಿದರೆ ಹದಿನೆಂಟು ತುಂಬಿದವರಿಗೆ ಮಾತ್ರ ಕೊಡುತ್ತೇವೆ ಎನ್ನುತ್ತಾರೆ. ಇದಕ್ಕೆ ಏನು ಮಾಡಬೇಕು?

ದಂತವೈದ್ಯೆ: ಇದು ಹಲ್ಲಿನ ಪ್ರಶ್ನೆಯಲ್ಲ, ಆದರೂ ಹೇಳುತ್ತೇನೆ. ರಾಜ್ಯದ ತಂಬಾಕು ನಿಯಂತ್ರಣ ತಿದ್ದುಪಡಿ ಕಾಯ್ದೆ 2025ರಲ್ಲಿ ಜಾರಿಯಾದ ಮೇಲೆ ವಯಸ್ಸಿನ ಮಿತಿ 21 ಆಗಿದೆ, ಬಿಡಿ ಸಿಗರೇಟು ಮಾರುವುದೇ ತಪ್ಪು, ಶಾಲೆಯಿಂದ 100 ಮೀಟರ್ ಒಳಗೆ ಮಾರುವುದಂತೂ ಕೂಡದು. ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಲಿಖಿತ ದೂರು ಕೊಡಿ.

ಹುಣಸೂರಿನ ರೈತ: ನಾವು ವರ್ಜೀನಿಯಾ ತಂಬಾಕು ಬೆಳೆಯುವವರು. ಮಳೆಯಲ್ಲಿ ನೆನೆದ ಎಲೆಯನ್ನು ಕಿತ್ತು ಕಂಕುಳಲ್ಲಿ ಹೊತ್ತು ತರುವ ಹೆಂಗಸರಿಗೆ ಅದೇ ಸಂಜೆ ತಲೆಸುತ್ತು, ವಾಂತಿ ಬರುತ್ತದೆ. ಅವರಲ್ಲಿ ಯಾರೂ ಹೊಗೆಸೊಪ್ಪು ಹಾಕುವವರಲ್ಲ. ಇದು ಎಲೆಯಿಂದಲೇ ಬರುವುದೇ?

ಚಿತ್ರದುರ್ಗದ ಸದಸ್ಯೆ: ಮೇಡಂ, ನನ್ನ ತಮ್ಮನಿಗೆ ಇಪ್ಪತ್ತಮೂರು ವರ್ಷ. ತಂಬಾಕು ಮುಟ್ಟಿದವನಲ್ಲ, ಬರೀ ಪಾನ್ ಮಸಾಲ ಹಾಕುತ್ತಾನೆ. ಕೆಲವು ತಿಂಗಳಿಂದ ಸಾರು ಬಾಯಿಗಿಟ್ಟರೆ ಉರಿ ಎನ್ನುತ್ತಾನೆ, ಮುದ್ದೆಯ ತುತ್ತನ್ನೂ ಚಿಕ್ಕದು ಮಾಡಿ ನುಂಗುತ್ತಾನೆ. ಇದು ಹೊಟ್ಟೆಯ ಉಷ್ಣವೇ?

ದಂತವೈದ್ಯೆ: ಉಷ್ಣವಲ್ಲ. ಇಂದು ಬಂದಿರುವ ಪ್ರಶ್ನೆಗಳಲ್ಲಿ ನನ್ನನ್ನು ಹೆದರಿಸಿದ್ದು ಇದೊಂದೇ ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಅವನನ್ನು ಬೆಳಕಿನಲ್ಲಿ ಕೂರಿಸಿ, ಬಾಯನ್ನು ಆದಷ್ಟು ಅಗಲವಾಗಿ ತೆರೆಯಲು ಹೇಳಿ, ಅವನದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದಾಗಿ ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ಇಡಿಸಿ. ಆರೋಗ್ಯವಂತರಲ್ಲಿ ಮೂರು ಬೆರಳು ಹಿಡಿಯಬೇಕು, ಅಂದರೆ ಸುಮಾರು 40 ಮಿಲಿಮೀಟರ್. ಆಮೇಲೆ ಕೈ ತೊಳೆದುಕೊಂಡು ಕೆನ್ನೆಯ ಒಳಭಾಗವನ್ನು ಬೆರಳಿನಿಂದ ಸವರಿ ನೋಡಿ. ಮೆತ್ತಗಿರಬೇಕಾದ ಜಾಗದಲ್ಲಿ ಮೇಲಿಂದ ಕೆಳಕ್ಕೆ ದಾರದಂತೆ ಗಟ್ಟಿ ಪಟ್ಟಿಗಳು ಸಿಕ್ಕರೆ, ಬಣ್ಣ ಬಿಳಿಚಿಕೊಂಡಿದ್ದರೆ, ನಾಲಿಗೆ ಮೊದಲಿನಷ್ಟು ಹೊರಗೆ ಚಾಚದಿದ್ದರೆ, ಅದು ಬಹುಮಟ್ಟಿಗೆ ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಂದರೆ ಬಾಯಿಯ ಒಳಪದರ ನಾರುಗಟ್ಟಿ ಬಿಗಿಯುವ ರೋಗ ಎಂದು ತಿಳಿಯಿರಿ.

ಇದಕ್ಕೆ ಮುಖ್ಯ ಕಾರಣ ತಂಬಾಕಲ್ಲ, ಪಾನ್ ಮಸಾಲದಲ್ಲೂ ಇರುವ ಅಡಿಕೆ. ಅದರಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಮತ್ತು ತಾಮ್ರದ ಅಂಶದಿಂದಾಗಿ ಕೆನ್ನೆಯೊಳಗೆ ಕೊಲಾಜನ್ ನಾರು ಹೆಚ್ಚಾಗಿ ಬೆಳೆಯುತ್ತದೆ, ಬೆಳೆದದ್ದು ಸುಲಭವಾಗಿ ಕರಗುವುದಿಲ್ಲ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲದ ಪೊಟ್ಟಣವೊಂದು, ತಂಬಾಕಿನ ಪೊಟ್ಟಣವೊಂದು ಎಂದು ಜೋಡಿಯಾಗಿ ಮಾರಿದರು, ಬೆರೆಸುವ ಕೆಲಸ ಮಾತ್ರ ಗಿರಾಕಿಯದಾಯಿತು. ಹುಡುಗರು ಮೊದಲನೆಯ ಪೊಟ್ಟಣವೊಂದನ್ನೇ ಹಾಕಿಕೊಂಡು "ನಾನು ತಂಬಾಕು ಮುಟ್ಟುವುದಿಲ್ಲ" ಎನ್ನುತ್ತಾರೆ. ನಮ್ಮ ಸಮಿತಿಗಳೂ ತಂಬಾಕು ಬಳಸುವವರ ಪಟ್ಟಿಯಿಂದ ಅವರನ್ನು ಕೈಬಿಡುತ್ತವೆ. ಈ ಪಟ್ಟಿಗಳ ಮೇಲೆ ನನ್ನ ದೊಡ್ಡ ತಕರಾರು ಇದೇ.

ಇಂದೇ ನಿಲ್ಲಿಸಿದರೂ ಆಗಿರುವ ಬಿಗಿತ ತಾನಾಗಿ ಪೂರ್ತಿ ಸಡಿಲವಾಗುವುದಿಲ್ಲ. ಆದರೆ ನಿಲ್ಲಿಸದೆ ಯಾವ ಚಿಕಿತ್ಸೆಯೂ ಫಲಿಸುವುದಿಲ್ಲ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ದಿನ ಕಳೆದಂತೆ ಕಡ್ಡಿ ಹೆಚ್ಚಿಸುತ್ತಾ ಹೋಗುವ ವ್ಯಾಯಾಮವಿದೆ, ಕೆನ್ನೆಯೊಳಗೆ ಕೊಡುವ ಚುಚ್ಚುಮದ್ದುಗಳಿವೆ, ಹೆಚ್ಚು ಬಿಗಿದವರಿಗೆ ಶಸ್ತ್ರಚಿಕಿತ್ಸೆ ಇದೆ. ಬಾಯಿ ತೀರ ಮುಚ್ಚಿಕೊಂಡ ಮೇಲೆ ಬಂದರೆ ಅರಿವಳಿಕೆಗೆ ಗಂಟಲಿಗೆ ಕೊಳವೆ ಇಳಿಸುವುದೇ ಕಷ್ಟವಾಗುತ್ತದೆ. ಇದು ಮುಂದೆ ಬಾಯಿ ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿ ಎಂಬುದನ್ನೂ ಮುಚ್ಚಿಡುವುದಿಲ್ಲ. ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಎರಡು ವಾರದಲ್ಲಿ ಮಾಯದ ಹುಣ್ಣಿದ್ದರೆ ಬಯಾಪ್ಸಿ, ಅಂದರೆ ಆ ಜಾಗದ ಚೂರು ತೆಗೆದು ಮಾಡುವ ಪರೀಕ್ಷೆ, ಆಗಲೇಬೇಕು. ಅವನನ್ನು ಬೈಯಬೇಡಿ. ಬೈಸಿಕೊಂಡವನು ಪೊಟ್ಟಣವನ್ನು ಬಚ್ಚಿಡುತ್ತಾನೆ, ಆಮೇಲೆ ಬಾಯನ್ನೂ ತೋರಿಸುವುದಿಲ್ಲ.

ಮಂಡ್ಯದ ಸದಸ್ಯ: ನಿಕೋಟಿನ್ ಗಮ್ ಎಲ್ಲಿ ಸಿಗುತ್ತದೆ, ಹೇಗೆ ಬಳಸಬೇಕು?

ದಂತವೈದ್ಯೆ: 2 ಮಿಲಿಗ್ರಾಂ ಗಮ್ ಔಷಧ ಅಂಗಡಿಯಲ್ಲಿ ಸಿಗುತ್ತದೆ, 4 ಮಿಲಿಗ್ರಾಂಗೆ ವೈದ್ಯರ ಚೀಟಿ ಬೇಕು. ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಜಗಿಯಬಾರದು. ನಿಧಾನವಾಗಿ ಜಗಿದು, ಚುರುಗುಟ್ಟಿದೊಡನೆ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು, ಚುರುಕು ತಗ್ಗಿದಾಗ ಮತ್ತೆ ಜಗಿಯಬೇಕು. ಬಳಸುವುದಕ್ಕೆ ಹದಿನೈದು ನಿಮಿಷ ಮೊದಲು ಕಾಫಿ ಬೇಡ. ಬಾಯಿ ಬಿಗಿದವರು ಗಮ್ ಬಿಟ್ಟು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಬಗ್ಗೆ ವೈದ್ಯರನ್ನು ಕೇಳಬೇಕು. 1800-11-2356 ಎಂಬ ಉಚಿತ ಸಂಖ್ಯೆಯಲ್ಲಿ ಕನ್ನಡದಲ್ಲೇ ಆಪ್ತಸಲಹೆ ದೊರೆಯುತ್ತದೆ. ಈ ಸಂಖ್ಯೆ ಸಿಗರೇಟು ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ.

ದಾವಣಗೆರೆಯ ಸದಸ್ಯ: ಬಂದದ್ದನ್ನು ಹಾಗೆಯೇ ಹಾಕುತ್ತಿದ್ದೇನೆ: "ಹರಳೆಣ್ಣೆಗೆ ಅರಿಸಿನ ಬೆರೆಸಿ ಕೆನ್ನೆಯೊಳಗೆ ತಿಕ್ಕಿರಿ, ಆಪರೇಷನ್ ಇಲ್ಲದೆ ಬಾಯಿ ತೆರೆಯುತ್ತದೆ. ಚಟ ಬಿಡಿಸಲು ಅವರಿಗೆ ತಿಳಿಯದಂತೆ ರಾತ್ರಿ ಹಾಲಿಗೆ ಪುಡಿ ಹಾಕಿ."

ದಂತವೈದ್ಯೆ: ಫಾರ್ವರ್ಡ್ ಬೇಡವೆಂದು ಮೊದಲ ಸಂದೇಶದಲ್ಲೇ ಬರೆದಿತ್ತು. ಚರ್ಮದಡಿಯ ನಾರಿಗೆ ಮೇಲಿನ ಎಣ್ಣೆ ತಲುಪುವುದಿಲ್ಲ. ತಿಕ್ಕುತ್ತಾ ಕೂತ ತಿಂಗಳುಗಳಲ್ಲಿ ರೋಗ ಮುಂದುವರಿಯುತ್ತದೆ. ಒಳಗೆ ಏನಿದೆ ಎಂದು ಬರೆಯದ ಪುಡಿಯನ್ನು ಬಿ.ಪಿ., ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವ ಮನುಷ್ಯನ ಹಾಲಿಗೆ ಅವನಿಗೇ ತಿಳಿಯದಂತೆ ಹಾಕುವುದು ಚಿಕಿತ್ಸೆಯಲ್ಲ, ವಂಚನೆ. ದಯವಿಟ್ಟು ಅಳಿಸಿ.

ತೀರ್ಥಹಳ್ಳಿಯ ಬೆಳೆಗಾರ: ಡಾಕ್ಟರ್ ಅಡಿಕೆಯ ಮೇಲೆ ಹೊರಿಸಿದ ಆರೋಪವನ್ನು ಒಪ್ಪಲಾರೆ. ಶುಭಕಾರ್ಯಕ್ಕೆಲ್ಲ ಅಡಿಕೆ ಬೇಕು. ನಮ್ಮ ಅಜ್ಜ ಎಂಬತ್ತರವರೆಗೂ ಎಲೆಯಡಿಕೆ ಹಾಕಿದವರು. ದೋಷವಿರುವುದು ಕಂಪನಿಗಳು ಬೆರೆಸುವ ರಾಸಾಯನಿಕದಲ್ಲಿ.

ಬಂಟ್ವಾಳದ ಸದಸ್ಯೆ: ಪೂಜೆಯ ತಟ್ಟೆಯಲ್ಲಿರುವ ಅಡಿಕೆಯ ಬಗ್ಗೆ ಇಲ್ಲಿ ಯಾರೂ ಮಾತಾಡಲಿಲ್ಲ. ನಿಮ್ಮ ಅಜ್ಜನವರ ಆಯುಸ್ಸಿನಿಂದ ಚಿತ್ರದುರ್ಗದ ಹುಡುಗನ ಬಾಯಿ ತೆರೆಯುವುದೇ?

ದಂತವೈದ್ಯೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕಿಲ್ಲದ ಎಲೆಯಡಿಕೆಯನ್ನೂ ಬರೀ ಅಡಿಕೆಯನ್ನೂ ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ನಾನು ಬಾಯಿ ನೋಡುವವಳು, ಬೆಲೆ ನೋಡುವವಳಲ್ಲ.

ತೀರ್ಥಹಳ್ಳಿಯ ಬೆಳೆಗಾರ: ಮಲೆನಾಡಿನ ಮನೆಗಳು ಆ ಬೆಲೆಯಿಂದಲೇ ನಡೆಯುತ್ತವೆ ಎಂಬುದನ್ನು ಓದಿದವರು ಇಷ್ಟು ಹಗುರವಾಗಿ ಮರೆಯಬಾರದು.

ಹುಣಸೂರಿನ ರೈತ: 1976ರಿಂದ ತಂಬಾಕು ಮಂಡಳಿ ಇದೆ, ನೋಂದಣಿ ಕೊಡುವುದೂ ಹರಾಜು ನಡೆಸುವುದೂ ಅದೇ. ಆದರೂ ಗುಂಪಿನಲ್ಲಿ ನಮ್ಮನ್ನು ಪಾಪಿಗಳಂತೆ ಕಾಣುತ್ತಾರೆ. ಅಡಿಕೆಯ ಮಾತು ಬಂದೊಡನೆ ಸಂಸ್ಕೃತಿ ಎದ್ದು ನಿಲ್ಲುತ್ತದೆ. ಅದಿರಲಿ, ವಾಂತಿಯ ಕುರಿತ ನನ್ನ ಪ್ರಶ್ನೆ ಮೇಲೆಲ್ಲೋ ಹೂತುಹೋಗಿದೆ.

ತೀರ್ಥಹಳ್ಳಿಯ ಬೆಳೆಗಾರ: ತಂಬಾಕಿನೊಂದಿಗೆ ನಮ್ಮ ಬೆಳೆಯನ್ನು ತೂಗಬೇಡಿ. ಎಲೆ ಹದಮಾಡಲು ಸೌದೆ ಕಡಿದು ಕಾಡು ಬೋಳಿಸಿದವರು ಯಾರು?

ಹುಣಸೂರಿನ ರೈತ: ತಾವು ಎಲೆ ಹದಮಾಡುವ ಬ್ಯಾರನ್ ಒಳಗೆ ಒಮ್ಮೆಯಾದರೂ ನಿಂತು ಆಮೇಲೆ ಮಾತಾಡಿ.

ನಿರ್ವಾಹಕ: ಇಬ್ಬರೂ ನಿಲ್ಲಿಸಬೇಕು. ಮುಂದಿನ ಸಂದೇಶ ಹಾಕಿದವರನ್ನು ಗುಂಪಿನಿಂದ ತೆಗೆಯಲಾಗುವುದು.

ಬಂಟ್ವಾಳದ ಸದಸ್ಯೆ: ನಾನು ಬೀಡಿ ಕಟ್ಟುವವಳು. ಮಾವನವರು ಹಜಾರದಲ್ಲಿ ಬೀಡಿ ಸೇದುತ್ತಾರೆ, ಒಳಗೆ ಏಳು ತಿಂಗಳ ಮಗುವಿದೆ. ಕಿಟಕಿ ತೆರೆದಿಟ್ಟರೆ ಸಾಕೇ?

ದಂತವೈದ್ಯೆ: ಸಾಲದು. ಕಿಟಕಿ, ಫ್ಯಾನು, ಊದುಬತ್ತಿ ಯಾವುದೂ ಸಾಲದು. ಮನೆಯಿಂದ ಹೊರಗೆ ಸೇದಲಿ. ಬೀಡಿ ಆರದಂತೆ ಮತ್ತೆ ಮತ್ತೆ ಎಳೆಯಬೇಕಾಗುವುದರಿಂದ ಅದು ಸಿಗರೇಟಿಗಿಂತ ಮೃದು ಎಂಬುದೂ ಸುಳ್ಳು.

ಕೋಲಾರದ ಸದಸ್ಯ: ಮೇಡಂ, ಗಮ್ ಎಲ್ಲಿ ಸಿಗುತ್ತದೆ?

ದಂತವೈದ್ಯೆ: ಮೇಲೆ ಓದಿ.

ದಾವಣಗೆರೆಯ ಸದಸ್ಯ: ತುಳಸಿ ಬೀಡಿಗೆ ಬದಲಾಯಿಸಿದರೆ ತೊಂದರೆಯಿಲ್ಲ ತಾನೇ? ಇದು ಫಾರ್ವರ್ಡ್ ಅಲ್ಲ, ನನ್ನದೇ ಪ್ರಶ್ನೆ.

ದಂತವೈದ್ಯೆ: ಯಾವ ಎಲೆ ಸುಟ್ಟರೂ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಬರುತ್ತವೆ. ಮೊದಲಿನ ಸಂದೇಶವನ್ನು ತಾವು ಇನ್ನೂ ಅಳಿಸಿಲ್ಲ.

ಚಿತ್ರದುರ್ಗದ ಸದಸ್ಯೆ: ಈಗಷ್ಟೇ ನೋಡಿದೆವು. ಎರಡು ಬೆರಳು ಕಷ್ಟಪಟ್ಟು ಹೋಗುತ್ತವೆ. ಎಡಗೆನ್ನೆಯ ಹಿಂಭಾಗದಲ್ಲಿ ಬಿಳಿ ಮಚ್ಚೆಯಿದೆ, ಉಜ್ಜಿದರೂ ಹೋಗುತ್ತಿಲ್ಲ. ಫೋಟೊ ಕಳುಹಿಸಲೇ? ಹಬ್ಬ ಮುಗಿದ ಮೇಲೆ ಬಂದರೆ ಆದೀತೇ?

ದಂತವೈದ್ಯೆ: ಫೋಟೊ ಬೇಡ, ಹಬ್ಬದವರೆಗೆ ಕಾಯುವುದೂ ಬೇಡ. ಹತ್ತಿರದ ದಂತ ವೈದ್ಯಕೀಯ ಕಾಲೇಜಿನ ಓರಲ್ ಮೆಡಿಸಿನ್ (ಬಾಯಿ ರೋಗಗಳ) ವಿಭಾಗಕ್ಕೆ ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗಿ, ಅವನು ಹಾಕುವ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ. ಅಲ್ಲಿ ಹೇಳಿದ್ದನ್ನು ನನಗೆ ಪ್ರತ್ಯೇಕವಾಗಿ ಬರೆಯಿರಿ, ಈ ಗುಂಪಿನಲ್ಲಿ ಬೇಡ.