ಡಾಗ್ ಪಾರ್ಕ್‌ನಲ್ಲಿ ದೊಡ್ಡ ನಾಯಿ ಮೇಲೆ ಬಿದ್ದರೆ ಅದು ಆಟವಾ, ಕಾಟವಾ?

ಚಿನ್ನು_ಮನೆಯವರು:
ಎಲ್ಲರಿಗೂ ನಮಸ್ಕಾರ. ನಮ್ಮ ಚಿನ್ನುಗೆ ಈಗ 8 ತಿಂಗಳು, ತೂಕ 12 ಕೆಜಿ. ಮನೆಯಲ್ಲೇ ಇದ್ದರೆ ಚಪ್ಪಲಿ, ಸೋಫಾ ಏನನ್ನೂ ಬಿಡುವುದಿಲ್ಲ, ಹಾಗಾಗಿ ಪಾರ್ಕ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಗೇಟ್ ಒಳಗೆ ಕಾಲಿಟ್ಟ ತಕ್ಷಣ ನಾಲ್ಕೈದು ನಾಯಿಗಳು ಓಡಿ ಬಂದು ಮುತ್ತಿಕೊಳ್ಳುತ್ತವೆ. ಅದರಲ್ಲಿ ಒಂದು ದೊಡ್ಡದು ಇವಳನ್ನು ಕೆಡವಿ ಮೇಲೆ ನಿಂತುಬಿಡುತ್ತದೆ. ಅದರ ಮನೆಯವರು ಬೆಂಚ್ ಮೇಲೆ ಕೂತು ಫೋನ್ ನೋಡುತ್ತಾ "ಏನೂ ಆಗಲ್ಲ ಬಿಡಿ, ಆಟ ಆಡ್ತಾ ಇದಾನೆ" ಅಂತಾರೆ. ಇವಳು ಕೂಗುವುದೂ ಇಲ್ಲ, ಕಚ್ಚುವುದೂ ಇಲ್ಲ, ಸುಮ್ನೆ ಬಿದ್ದಿರುತ್ತಾಳೆ. ಲೀಶ್ (ನಾಯಿ ಕಟ್ಟುವ ಹಗ್ಗ) ಬಿಚ್ಚದೆ ಕೈಯಲ್ಲೇ ಹಿಡಿದುಕೊಂಡಿದ್ದರೆ ಸೇಫ್ ಅಲ್ವಾ? ಲಸಿಕೆ ಎಲ್ಲಾ ಆಗಿದೆ, ಮರಿ ಆಗದಂತೆ ಆಪರೇಷನ್ ಮಾಡಿಸಿಲ್ಲ.

ಬಾಲದಬೊಮ್ಮ:
ಮೊದಲು ಲೀಶ್ ವಿಷಯ. ಒಳಗೆ ಎಲ್ಲಾ ನಾಯಿಗಳೂ ಲೀಶ್ ಇಲ್ಲದೆ ಓಡಾಡುವಾಗ ನಿಮ್ಮದೊಂದೇ ಲೀಶ್‌ನಲ್ಲಿದ್ದರೆ ಅದಕ್ಕೆ ಓಡಲೂ ಆಗುವುದಿಲ್ಲ, ಪಕ್ಕಕ್ಕೆ ಸರಿಯಲೂ ಆಗುವುದಿಲ್ಲ. ಆಗ ಹೆದರಿದ ನಾಯಿಗೆ ಉಳಿಯುವ ದಾರಿ ಕಚ್ಚುವುದೊಂದೇ. ಅದರ ಮೇಲೆ ಲೀಶ್ ಕಾಲಿಗೆ ಸುತ್ತಿಕೊಳ್ಳುವ ಕಾಟ ಬೇರೆ. ಒಂದರ ಹಿಂದೆ ಒಂದು ಎರಡು ಗೇಟ್ ಇರುವ ಪಾರ್ಕ್ ಆದರೆ ನಡುವಿನ ಜಾಗದಲ್ಲೇ ಲೀಶ್ ಬಿಚ್ಚಿ ಒಳಗೆ ಬಿಡಿ. ಆದರೆ ಗೇಟ್ ಹತ್ತಿರ ಗುಂಪು ಸೇರಿದ್ದರೆ ಹೋಗಲೇಬೇಡಿ, ಹೊರಗೇ ಒಂದು ಸುತ್ತು ನಡೆಸಿ, ಅವು ಚದುರಿದ ಮೇಲೆ ಬನ್ನಿ. ಜಗಳ ಜಾಸ್ತಿ ಶುರುವಾಗುವುದು ಗೇಟ್ ಬಾಯಲ್ಲೇ.

ಇನ್ನು ಸುಮ್ನೆ ಬಿದ್ದಿರುವ ವಿಷಯ. ನಾಯಿ ಸುಮ್ಮನಿದೆ ಅಂದರೆ ಒಪ್ಪಿದೆ ಅಂತ ಅಲ್ಲ. ಮೈ ಬಿಗಿಯಾಗಿದೆಯಾ, ಬಾಲ ಕಾಲ ಸಂದಿಗೆ ಹೋಗಿದೆಯಾ, ಕಣ್ಣಿನ ಬಿಳಿ ಕಾಣುತ್ತಿದೆಯಾ, ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕುತ್ತಿದೆಯಾ ನೋಡಿ. ಇವೆಲ್ಲ ಹೆದರಿಕೆಯ ಗುರುತು. ನಿಜವಾದ ಆಟದಲ್ಲಿ ಮೈ ಸಡಿಲವಾಗಿರುತ್ತದೆ, ಮುಂಗಾಲು ಚಾಚಿ ಹಿಂಭಾಗ ಎತ್ತಿ "ಬಾ" ಅಂತ ಕರೆಯುತ್ತವೆ, ಈಗ ಅಟ್ಟಿಸಿಕೊಂಡು ಹೋದದ್ದು ಮರುಕ್ಷಣ ತಾನೇ ಅಟ್ಟಿಸಿಕೊಳ್ಳುತ್ತದೆ, ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತವೆ. ಯಾವಾಗಲೂ ಒಬ್ಬನೇ ಮೇಲೆ, ಒಬ್ಬಳೇ ಕೆಳಗೆ ಅಂದರೆ ಅದು ಆಟ ಅಲ್ಲ ರೀ.

ಅನುಮಾನ ಇದ್ದರೆ ಸುಲಭದ ಪರೀಕ್ಷೆ ಇದೆ. ಆ ದೊಡ್ಡ ನಾಯಿಯನ್ನು ಅದರ ಮನೆಯವರೇ ಒಂದು ನಿಮಿಷ ಹಿಡಿದುಕೊಳ್ಳಲಿ. ಚಿನ್ನು ತಾನಾಗಿ ಅದರ ಹತ್ತಿರ ವಾಪಸ್ ಹೋದರೆ ಆಟ. ಮೈ ಕೊಡವಿ ನಿಮ್ಮ ಕಾಲ ಹಿಂದೆ ಬಂದು ನಿಂತರೆ ಉತ್ತರ ಸಿಕ್ಕಿತು, ಹೊರಡಿ.

ಕಂದುಮೂಗು:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸಣ್ಣ ನಾಯಿಗಳಿಗೆ ಬೇರೆ ಜಾಗ ಇದ್ದರೆ ಅಲ್ಲಿಗೇ ಹೋಗಿ. ಸಣ್ಣ ನಾಯಿ ಕಿರುಚಿಕೊಂಡು ಓಡಿದರೆ ಒಳ್ಳೆಯ ದೊಡ್ಡ ನಾಯಿಯೂ ಬೇಟೆ ಅಂತ ಬೆನ್ನು ಹತ್ತಬಹುದು.

ಆಪರೇಷನ್ ಆಗಿಲ್ಲ ಅಂದಿರಿ. 8 ತಿಂಗಳು ಅಂದರೆ ಮೊದಲ ಹೀಟ್ (ಬೆದೆ) ಯಾವಾಗ ಬೇಕಾದರೂ ಬರಬಹುದು. ಬಂದರೆ ಸುಮಾರು 3 ವಾರ ಪಾರ್ಕ್ ಬೇಡವೇ ಬೇಡ. ಮರಿ ಆಗುವ ವಿಷಯ ಒಂದೇ ಅಲ್ಲ, ಗಂಡು ನಾಯಿಗಳು ತಮ್ಮತಮ್ಮಲ್ಲೇ ಕಚ್ಚಾಡುತ್ತವೆ.

ಚಿನ್ನು_ಮನೆಯವರು:
ತುಂಬಾ ಥ್ಯಾಂಕ್ಸ್. ಬಾಲ ಒಳಗೆ ಹೋಗಿರುವುದು ಹೌದು, ಈಗ ನೆನಪಿಸಿಕೊಂಡರೆ ಬೇಜಾರಾಗುತ್ತದೆ. ಅಕಸ್ಮಾತ್ ನಿಜವಾಗಿ ಕಚ್ಚಾಟ ಶುರುವಾದರೆ ಮಧ್ಯೆ ಕೈ ಹಾಕಬಹುದಾ?

ಪಶುವೈದ್ಯ_ಅಲ್ಲದವ:
ಕೈ ಹಾಕಬೇಡಿ, ಕಾಲರ್‌ಗಂತೂ ಕೈ ಹಾಕಲೇಬೇಡಿ. ಆ ಹೊತ್ತಿನಲ್ಲಿ ನಾಯಿ ಯಾರ ಕೈ ಅಂತ ನೋಡುವುದಿಲ್ಲ. ಜೋರಾಗಿ ಸದ್ದು ಮಾಡಿ, ಬಕೆಟ್ ಅಥವಾ ಬಾಟಲಿ ನೀರು ಮುಖಕ್ಕೆ ಎರಚಿ, ಕುರ್ಚಿಯೋ ಹಲಗೆಯೋ ಸಿಕ್ಕರೆ ನಡುವೆ ತೂರಿಸಿ. ಏನೂ ಆಗದಿದ್ದರೆ ಇಬ್ಬರು ಒಂದೇ ಸಲ ತಮ್ಮ ತಮ್ಮ ನಾಯಿಯ ಹಿಂಗಾಲು ಹಿಡಿದೆತ್ತಿ ಹಿಂದಕ್ಕೆ ನಡೆಯಬೇಕು. ಆದರೆ ಒಂದು ಕಚ್ಚಿ ಹಿಡಿದುಕೊಂಡಿದ್ದರೆ ಎಳೆಯಬೇಡಿ, ಚರ್ಮ ಹರಿಯುತ್ತದೆ.

ಆಮೇಲೆ ರೋಮ ಸರಿಸಿ ಮೈಯೆಲ್ಲಾ ನೋಡಿ. ಹಲ್ಲಿನ ತೂತು ಹೊರಗೆ ಚಿಕ್ಕದಾಗಿ ಕಾಣುತ್ತದೆ, ಒಳಗೆ ಮಾಂಸ ಹರಿದಿರುತ್ತದೆ, ಎರಡು ದಿನ ಬಿಟ್ಟು ಕೀವು ಕಟ್ಟುತ್ತದೆ. ಅವತ್ತೇ ಡಾಕ್ಟರ್‌ಗೆ ತೋರಿಸಿ. ಮನುಷ್ಯರಿಗೆ ಹಲ್ಲು ತಾಗಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ, ರೇಬಿಸ್ ಚುಚ್ಚುಮದ್ದು ಬೇಕಾ ಅಂತ ಅವರೇ ಹೇಳಲಿ. ಚಿಕ್ಕ ಗಾಯ ಅಂತ ಬಿಡಬೇಡಿ.

ಇನ್ನೊಂದು, ಎಳೆದರೆ ಕತ್ತು ಬಿಗಿಯುವ ಚೋಕ್ ಚೈನ್, ಮುಳ್ಳಿನ ಕಾಲರ್ ಹಾಕಿ ಆಟಕ್ಕೆ ಬಿಡಬೇಡಿ. ಇನ್ನೊಂದರ ಹಲ್ಲು ಅದರಲ್ಲಿ ಸಿಕ್ಕಿಕೊಂಡರೆ ಎರಡೂ ಗಾಬರಿಯಾಗುತ್ತವೆ.

ನೆರಳುಪ್ರಿಯೆ:
ಜಗಳದ ಮಾತೇ ಜಾಸ್ತಿ ಆಯಿತು, ಬಿಸಿಲಿನ ಬಗ್ಗೆ ಯಾರೂ ಹೇಳಲಿಲ್ಲ. ಅಂಗೈ ಹಿಂಭಾಗ ನೆಲಕ್ಕೆ ಒತ್ತಿ ನೋಡಿ, 7 ಸೆಕೆಂಡ್ ಇಡಲಾಗದಿದ್ದರೆ ಪಾದ ಸುಡುತ್ತದೆ. ಪಗ್‌ನಂಥ ಚಪ್ಪಟೆ ಮೂಗಿನವಕ್ಕೆ ಇನ್ನೂ ಬೇಗ ತೊಂದರೆ. ನೀರು, ಬಟ್ಟಲು ಮನೆಯಿಂದಲೇ ತನ್ನಿ, ಎಲ್ಲಾ ನಾಯಿಗಳೂ ಕುಡಿಯುವ ತೊಟ್ಟಿಯಿಂದ ಕೆಮ್ಮು, ಭೇದಿ ಅಂಟಬಹುದು. ಚೆಂಡು, ತಿಂಡಿ ಒಳಗೆ ತೆಗೆಯಬೇಡಿ, ಪ್ರಾಣಕ್ಕೆ ಪ್ರಾಣ ಕೊಡುವ ಗೆಳೆಯರೂ ಒಂದು ಬಿಸ್ಕತ್ತಿಗೆ ಕಚ್ಚಾಡಿಬಿಡುತ್ತವೆ. ವಾಪಸ್ ಬಂದ ಮೇಲೆ ಕಿವಿ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಿ.

ಬಾಲದಬೊಮ್ಮ:
ಬಿಸಿಲು ನಾನು ಮರೆತಿದ್ದೆ, ಸರಿಯಾಗಿ ಹೇಳಿದಿರಿ. ಚಿನ್ನು ಮನೆಯವರೇ, ಒಂದು ಅಭ್ಯಾಸ ಮಾಡಿಸಿ. ಮನೆಗೆ ಹೊರಡುವಾಗ ಮಾತ್ರ ಕರೆದರೆ "ಬಾ" ಅಂದರೆ ಆಟ ಮುಗಿಯಿತು ಅಂತ ಅವಳು ಕಲಿತುಬಿಡುತ್ತಾಳೆ. ನಡುನಡುವೆ ಕರೆದು, ಮೈ ಸವರಿ, ಮತ್ತೆ ಆಟಕ್ಕೆ ಬಿಡಿ. ಆಗ ಬೇಕಾದಾಗ ಓಡಿ ಬರುತ್ತಾಳೆ. ಆ ಬೆಂಚ್‌ನವರ ಜೊತೆ ವಾದ ಬೇಡ, ಫೋನ್‌ನಿಂದ ತಲೆ ಎತ್ತದವರು ನಿಮ್ಮ ಮಾತಿಗೆ ಎತ್ತುತ್ತಾರಾ? ಅವರು ಬರದ ಹೊತ್ತು ನೋಡಿಕೊಂಡು ಹೋಗಿ. ಅದೂ ಆಗದಿದ್ದರೆ ಗೊತ್ತಿರುವ ಒಂದೆರಡು ನಾಯಿಗಳ ಜೊತೆ ಬೇರೆ ಕಡೆ ಆಡಿಸಿ, ಪಾರ್ಕೇ ಆಗಬೇಕು ಅಂತೇನಿಲ್ಲ.