ಉತ್ತರ ಬದಿಯ ಪಾತಿಗೆ ವರ್ಷಗಟ್ಟಲೆ ಉಳಿಯುವ ಹೂಗಿಡಗಳು ಯಾವುವು?

ಪ್ರಶ್ನೆ (ತೀರ್ಥಹಳ್ಳಿ):
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಉತ್ತರ ಬದಿಯಲ್ಲಿ, ಗೋಡೆಗೂ ಹಿಂದಿನ ಧರೆಗೂ (ಕಡಿದು ನಿಂತ ಮಣ್ಣಿನ ದಿಬ್ಬ) ನಡುವೆ ಉದ್ದನೆಯ ಪಾತಿಯೊಂದಿದೆ. ಪ್ರತಿವರ್ಷ ಬೀಜ ಹಾಕುವ ಬದಲು ಅಲ್ಲಿ ಬಹುವಾರ್ಷಿಕ ಹೂಗಿಡಗಳನ್ನು ನೆಡಬೇಕೆಂದಿದ್ದೇನೆ. ಚಳಿಗಾಲದಲ್ಲಿ ಪೂರ್ತಿ ನೆರಳು, ಜಂಬಿಟ್ಟಿಗೆ ಮಣ್ಣು, ಮಳೆಗಾಲದಲ್ಲಿ ಸೂರಿನ ನೀರೆಲ್ಲ ಅಲ್ಲಿಗೇ ಬೀಳುತ್ತದೆ. ನೆರಳಿಗೆ ಒಗ್ಗುವ ಗಿಡಗಳನ್ನು ಆರಿಸಿದರೆ ಸಾಕೇ?

ಉತ್ತರ (ಸಾಗರ):
ನೆರಳೊಂದನ್ನೇ ನೋಡಿ ಆರಿಸಬೇಡಿ. ನಮ್ಮ ಊರುಗಳು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಡಿಸೆಂಬರಿನಲ್ಲಿ ಬಿಸಿಲೇ ಕಾಣದ ಪಾತಿಗೆ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ನೇರ ಬಿಸಿಲು ಬೀಳುತ್ತದೆ. ಹೈಡ್ರೇಂಜಿಯಾದ ಅಗಲವಾದ ಎಲೆಗಳು ಆ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಜೋತುಬೀಳುತ್ತವೆ, ಅಂಚು ಕಂದು ಬಣ್ಣಕ್ಕೆ ತಿರುಗಿ ಸುಟ್ಟಂತಾಗುತ್ತದೆ. ಅದನ್ನು ಬೆಳಗಿನ ಬಿಸಿಲಷ್ಟೇ ತಾಗುವ ಪೂರ್ವದ ತುದಿಯಲ್ಲಿ ನೆಡಿ. ನಮ್ಮ ಹುಳಿ ಮಣ್ಣು ಅದಕ್ಕೆ ಚೆನ್ನಾಗಿ ಹಿಡಿಸುತ್ತದೆ; ಹೂವು ನೀಲಿಯಾಗುವುದೂ ಆ ಮಣ್ಣಿನಿಂದಲೇ. ನಡುವಿನ ಭಾಗಕ್ಕೆ ಅರೆನೆರಳನ್ನೂ ಬಿಸಿಲನ್ನೂ ತಾಳುವ ನಂದಿಬಟ್ಟಲು ನನ್ನ ಮೊದಲ ಆಯ್ಕೆ. ಕೇಪಳವೂ ಬದುಕುತ್ತದೆ, ಆದರೆ ನೆರಳು ಹೆಚ್ಚಾದಷ್ಟೂ ಹೂ ಕಡಿಮೆ.

ಉತ್ತರ (ಹೊಸನಗರ):
ಸಾಗರದವರು ಬೆಳಕಿನ ವಿಚಾರ ಸರಿಯಾಗಿ ಹೇಳಿದ್ದಾರೆ. ಆದರೆ ನಮ್ಮ ಕಡೆ ಗಿಡ ಸಾಯುವುದು ಹೆಚ್ಚಾಗಿ ಜುಲೈ ತಿಂಗಳಲ್ಲಿ, ಬೇರು ಕೊಳೆತು. ಸೂರಿನ ನೀರು ಬೀಳುವ ಸಾಲಿನಲ್ಲಿ ಸುರುಳಿ ಸುಗಂಧಿಯನ್ನು ನೆಡಿ. ಅದಕ್ಕೆ ಒದ್ದೆ ನೆಲವೇ ಇಷ್ಟ. ಬಿಸಿಲು ಹೆಚ್ಚಿರುವ ತುದಿಗೆ ಕಾಬಾಳೆ ಆಗಬಹುದು, ಹಳೆಯ ಮನೆಗಳಲ್ಲಿ ಬಚ್ಚಲ ನೀರು ಹರಿಯುವ ಕಡೆ ಅದು ಸೊಂಪಾಗಿ ಬೆಳೆದಿರುವುದನ್ನು ನೀವೂ ನೋಡಿರುತ್ತೀರಿ. ಕನಕಾಂಬರಕ್ಕೆ ಅರೆನೆರಳು ಒಗ್ಗಿದರೂ ನಿಂತ ನೀರು ಆಗದು. ಅದಕ್ಕೆ ಒಂದಡಿ ಎತ್ತರದ ಮಡಿ ಮಾಡಿ, ಧರೆಯ ಬುಡದಲ್ಲಿ ಬಸಿಗಾಲುವೆ ತೆಗೆಯಿರಿ. ಡೇರೆ ಹೂವಿನ (ಡೇಲಿಯಾ) ಆಸೆಯಿದ್ದರೆ ದಯವಿಟ್ಟು ಈ ಪಾತಿಯಲ್ಲಿ ಬೇಡ, ಅದರ ಗೆಡ್ಡೆಗೆ ನೀರು ಬಸಿಯುವ ನೆಲವೂ ಗಿಡಕ್ಕೆ ಒಳ್ಳೆಯ ಬಿಸಿಲೂ ಬೇಕು.

ಉತ್ತರ (ಶಿವಮೊಗ್ಗ):
ಒಂದು ಮಾತು ಸೇರಿಸುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಅದರ ಸಣ್ಣ ಪಾಲಷ್ಟೇ ಬೀಳುತ್ತದೆ. ಇಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪ ನಿಮ್ಮ ಪಾತಿಯಲ್ಲಿ ಬುಡ ಕೊಳೆತು ಹೋಗಬಹುದು. ಆದ್ದರಿಂದ ಇಲ್ಲಿನ ನರ್ಸರಿಯಲ್ಲಿ ಕಂಡದ್ದನ್ನು ಕೊಳ್ಳುವ ಮೊದಲು ನಿಮ್ಮ ನೆರೆಹೊರೆಯ ಅಂಗಳಗಳಲ್ಲಿ ಒಂದು ಮಳೆಗಾಲ ದಾಟಿ ಉಳಿದ ಗಿಡಗಳನ್ನು ನೋಡಿ, ಅವುಗಳ ಗೆಲ್ಲು, ಗೆಡ್ಡೆಗಳನ್ನೇ ಕೇಳಿ ತನ್ನಿರಿ.