ಗುಜರಿಯ ಆಲ್ಟರ್ನೇಟರ್‌ನಿಂದ ಬ್ಯಾಟರಿ ಚಾರ್ಜ್ ಮತ್ತು ವೆಲ್ಡಿಂಗ್ ಎರಡೂ ಸಾಧ್ಯವೇ?

ಪ್ರಶ್ನೆ (ಮಲೆನಾಡಿನ ಅಡಿಕೆ ಬೆಳೆಗಾರ):
ನಮಸ್ಕಾರ. ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದರೆ ನಮ್ಮಲ್ಲಿ ಮೂರು ನಾಲ್ಕು ದಿನ ಕರೆಂಟ್ ಇರುವುದಿಲ್ಲ; ಇನ್ವರ್ಟರ್‌ನ 12 ವೋಲ್ಟ್, 150 ಎಎಚ್ ಬ್ಯಾಟರಿ ಮೊದಲ ರಾತ್ರಿಯೇ ಬರಿದಾಗುತ್ತದೆ. ಗುಜರಿ ಅಂಗಡಿಯಲ್ಲಿ ಹಳೆಯ ಕಾರಿನಿಂದ ಬಿಚ್ಚಿದ 14 ವೋಲ್ಟ್, 45 ಆಂಪಿಯರ್‌ನ ಆಲ್ಟರ್ನೇಟರ್ (ಎಂಜಿನ್ ತಿರುಗಿಸಿದಾಗ ಕರೆಂಟ್ ಹುಟ್ಟಿಸುವ ಯಂತ್ರ) ಸಿಕ್ಕಿತು. ಅದನ್ನು 5 ಎಚ್‌ಪಿ, 1500 ಆರ್‌ಪಿಎಂನ ಡೀಸೆಲ್ ಪಂಪ್ ಎಂಜಿನ್‌ಗೆ ಬೆಲ್ಟ್ ಹಾಕಿ ತಿರುಗಿಸಿದರೂ ಬ್ಯಾಟರಿ ಚಾರ್ಜ್ ಆಗಲಿಲ್ಲ. ಅದು ಕೆಟ್ಟಿದೆಯೇ? ಸರಿಹೋದರೆ ಗೇಟಿನ ವೆಲ್ಡಿಂಗನ್ನೂ ಅದರಲ್ಲೇ ಮಾಡಬಹುದೇ?

ಉತ್ತರ 1 (ಆಟೊ ಎಲೆಕ್ಟ್ರಿಷಿಯನ್):
ಕೆಟ್ಟಿದೆ ಎಂದು ಈಗಲೇ ತೀರ್ಮಾನಿಸಬೇಡಿ. ಹಳೆಯ ಡೈನಮೋ ತನ್ನ ಕಬ್ಬಿಣದಲ್ಲಿ ಉಳಿದ ಕಾಂತತ್ವದಿಂದಲೇ ವಿದ್ಯುತ್ ಹುಟ್ಟಿಸಲು ಆರಂಭಿಸುತ್ತದೆ. ಆಲ್ಟರ್ನೇಟರ್‌ನ ರೋಟರ್‌ನಲ್ಲಿ, ಅಂದರೆ ಒಳಗೆ ತಿರುಗುವ ಭಾಗದಲ್ಲಿ, ಆ ಕಾಂತತ್ವ ತೀರಾ ಕಡಿಮೆ ಇರುವುದರಿಂದ ಮೊದಲು ಹೊರಗಿನಿಂದ ಸ್ವಲ್ಪ ಕರೆಂಟ್ ಕೊಡಬೇಕಾಗುತ್ತದೆ. ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಉರಿಯುವ ಕೆಂಪು ಚಾರ್ಜಿಂಗ್ ದೀಪ ಬರಿಯ ಸೂಚನೆಗಾಗಿ ಇರುವುದಲ್ಲ, ಅನೇಕ ಕಾರುಗಳಲ್ಲಿ ಆ ಆರಂಭದ ಕರೆಂಟ್ ಅದರ ಮೂಲಕವೇ ಹರಿಯುತ್ತದೆ. ಆದ್ದರಿಂದ ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಸ್ವಿಚ್ ಮತ್ತು 12 ವೋಲ್ಟ್, 3 ವ್ಯಾಟ್‌ನ ಬಲ್ಬ್ ಮೂಲಕ ಆಲ್ಟರ್ನೇಟರ್‌ನಲ್ಲಿರುವ ಆ ದೀಪದ ಟರ್ಮಿನಲ್‌ಗೆ ತಂತಿ ಕೊಡಿ. ಎಂಜಿನ್ ನಿಂತಿರುವಾಗ ಬಲ್ಬ್ ಉರಿದು, ವೇಗ ಬಂದ ಮೇಲೆ ಆರಿದರೆ ಎಲ್ಲವೂ ಸರಿಯಾಗಿದೆ ಎಂದರ್ಥ. ಉರಿಯದೇ ಇದ್ದರೆ ಬಲ್ಬನ್ನೂ ತಂತಿಯನ್ನೂ ಪರೀಕ್ಷಿಸಿ, ನಂತರ ಬ್ರಷ್ (ರೋಟರ್‌ಗೆ ಕರೆಂಟ್ ತಲುಪಿಸುವ ಕಾರ್ಬನ್ ತುಂಡು) ಬಿಚ್ಚಿ ನೋಡಿ; ಗುಜರಿಯ ಮಾಲಿನಲ್ಲಿ ಬಹುತೇಕ ಸವೆದಿರುವುದು ಅದೇ.

ವೇಗದ ಲೆಕ್ಕವೂ ಮುಖ್ಯ. ಎಂಜಿನ್‌ಗೆ 9 ಇಂಚಿನ ಪುಲ್ಲಿ, ಆಲ್ಟರ್ನೇಟರ್‌ಗೆ ಎರಡೂವರೆ ಇಂಚಿನದಿದ್ದರೆ ಸುಮಾರು 5400 ಆರ್‌ಪಿಎಂ ಸಿಗುತ್ತದೆ, ಅಷ್ಟು ಸಾಕು. ದಯವಿಟ್ಟು ಒಂದನ್ನು ಮರೆಯಬೇಡಿ: ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಬಿಚ್ಚಬಾರದು. ಹಾಗೆ ಮಾಡಿದರೆ ವೋಲ್ಟೇಜ್ ಕ್ಷಣದಲ್ಲಿ ಜಿಗಿದು ಎಸಿಯನ್ನು ಡಿಸಿ ಮಾಡುವ ಡಯೋಡ್ ಮತ್ತು ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಸುಟ್ಟುಹೋಗಬಹುದು.

ಉತ್ತರ 2 (ವರ್ಕ್‌ಶಾಪ್ ನಡೆಸುವವರು):
ಗೇಟಿನ ವೆಲ್ಡಿಂಗ್ ಇದರಿಂದ ಆಗದು. 2.5 ಮಿಲಿಮೀಟರ್ ರಾಡ್‌ಗೇ 70–80 ಆಂಪಿಯರ್ ಬೇಕು. ಕಿಡಿ ಹತ್ತಿಸಲು 14 ವೋಲ್ಟ್ ಸಾಲದು, 50ಕ್ಕಿಂತ ಹೆಚ್ಚಿರಬೇಕು. ರೆಗ್ಯುಲೇಟರ್ ತೆಗೆದು, ಫೀಲ್ಡ್‌ಗೆ (ರೋಟರ್‌ನ ತಂತಿ ಸುರುಳಿಗೆ) ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟು ವೇಗವಾಗಿ ತಿರುಗಿಸಿದರೆ ವೋಲ್ಟೇಜ್ ಏರುವುದು ನಿಜ. ನಾನೇ ಹಿಂದೆ ಬಸ್ಸಿನ ದೊಡ್ಡ ಆಲ್ಟರ್ನೇಟರ್‌ನಲ್ಲಿ ಹಾಗೆ ಮಾಡಿದ್ದೆ. ನಾಲ್ಕು ರಾಡ್ ಸುಡುವಷ್ಟರಲ್ಲಿ ಡಯೋಡ್‌ಗಳು ಹೋದವು, ಬಿಡುವು ಕೊಡದೆ ಓಡಿಸಿದ್ದು ನನ್ನ ತಪ್ಪು. ಮೇಲಾಗಿ ಕಿಡಿ ಹತ್ತಿದ ಮೇಲೆ ವೋಲ್ಟೇಜ್ ಇಳಿದರೂ 70 ಆಂಪಿಯರ್, 24 ವೋಲ್ಟ್ ಎಂದರೆ ಸುಮಾರು 1.7 ಕಿಲೋವ್ಯಾಟ್, ಆಲ್ಟರ್ನೇಟರ್ ಅರ್ಧದಷ್ಟು ಶಕ್ತಿಯನ್ನು ಶಾಖವಾಗಿ ಕಳೆಯುವುದರಿಂದ ನಿಮ್ಮ 5 ಎಚ್‌ಪಿ ಎಂಜಿನ್ ಪೂರ್ತಿ ಅದಕ್ಕೇ ಬೇಕಾಗುತ್ತದೆ. ಚಾರ್ಜಿಂಗ್‌ಗಾದರೆ ಎರಡು ಎಚ್‌ಪಿ ಧಾರಾಳ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಒಂದು ಬ್ರಷ್ ಪೂರ್ತಿ ಸವೆದಿತ್ತು. ಹೊಸದು ಹಾಕಿ, ಬಲ್ಬ್ ಜೋಡಿಸಿ ಓಡಿಸಿದಾಗ ದೀಪ ಆರಿತು. ಬ್ಯಾಟರಿಯ ಮೇಲೆ ಈಗ 14.1 ವೋಲ್ಟ್ ತೋರಿಸುತ್ತಿದೆ. ಗೇಟನ್ನು ಪೇಟೆಯ ವೆಲ್ಡಿಂಗ್ ಅಂಗಡಿಗೇ ಕೊಂಡೊಯ್ಯುತ್ತೇನೆ.

ಉತ್ತರ 1:
ಸಂತೋಷ. ಬ್ಯಾಟರಿ ಬರಿದಾಗಿರುವಾಗ ಮೊದಮೊದಲು ಆಲ್ಟರ್ನೇಟರ್ ಬಹಳ ಬಿಸಿಯಾಗುತ್ತದೆ, ಗಮನವಿರಲಿ. ಕಿಟಕಿ ತೆರೆದಿಡಿ, ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಎಂಜಿನ್ ಮಾತ್ರ ಹೊರಗೇ ಇರಲಿ.